ಗೊಂಬೆಗೆ ಹುಷಾರಿಲ್ಲ, ಸಿಸ್ಟರ್

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಕತ್ತೆತ್ತಿಕೊಂಡು ನಡೆದರೆ ಎರಡು ಬಗೆಯ ಬೋರ್ಡು ಕಣ್ಣಿಗೆ ಬೀಳುತ್ತವೆ. ಒಂದು, ‘ನರ್ಸ್‌ಗಳು ಬೇಕಾಗಿದ್ದಾರೆ’. ಇನ್ನೊಂದು, ‘ನರ್ಸಿಂಗ್ ಅಸಿಸ್ಟೆಂಟ್ ಉಚಿತ ತರಬೇತಿ, ನೂರಕ್ಕೆ ನೂರು ಕೆಲಸ’. ದಾಯಾದಿಗಳ ಮನೆಗಳ ಹಾಗೆ ಎದುರುಬದುರೇ ಇದ್ದರೂ ಮಾತುಕತೆ ಇಲ್ಲ. ಹಾಗಂತ ತೀರಾ ಕತ್ತೆತ್ತಿಕೊಂಡು ನಡೆಯಬೇಡಿ, ಸ್ಮಾರ್ಟ್ ಸಿಟಿಯಲ್ಲಿ ಎಲ್ಲಿ ಗುಂಡಿ ತೋಡಿರುತ್ತಾರೋ ಹೇಳೋಕಾಗಲ್ಲ. ಬಿದ್ದರೆ ಈ ಎರಡು ಬೋರ್ಡುಗಳ ಮಧ್ಯದಲ್ಲೇ ನಿಮ್ಮನ್ನು ಮಲಗಿಸುತ್ತಾರೆ.

ಕೋರ್ಸಿನ ಹೆಸರು ಜನರಲ್ ಡ್ಯೂಟಿ ಅಸಿಸ್ಟೆಂಟ್. ತರಬೇತಿ ಕೇಂದ್ರದವರು ಜಿಡಿಎ ಅಂತಾರೆ, ಊರಲ್ಲಿ ‘ನಮ್ ಹುಡ್ಗಿ ನರ್ಸ್ ಓದ್ತಾವ್ಳೆ’ ಅಂತಾರೆ. ಎಎನ್‌ಎಂ ಆಗಲು 2 ವರ್ಷ, ಜಿಎನ್‌ಎಂಗೆ 3, ಬಿಎಸ್ಸಿ ನರ್ಸಿಂಗಿಗೆ 4 ವರ್ಷ ಬೇಕು. ಇದು ಕೆಲವೇ ತಿಂಗಳಲ್ಲಿ ಮುಗಿಯುತ್ತದೆ. ಪಠ್ಯ ಮಾತ್ರ ಚೊಕ್ಕವಾಗಿದೆ, ಸುಳ್ಳು ಹೇಳಬಾರದು. ರೋಗಿಗೆ ಮೈ ಒರೆಸುವುದು, ಊಟ ಮಾಡಿಸುವುದು, ಬೆಡ್‌ಪ್ಯಾನ್ ಇಡುವುದು, ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಸೋಪು ಹಾಕಿ 40ರಿಂದ 60 ಸೆಕೆಂಡು ಕೈ ತೊಳೆಯುವುದು. ರಕ್ತ ಅಂಟಿದ ಹತ್ತಿ ಹಳದಿ ಡಬ್ಬಕ್ಕೆ, ಡ್ರಿಪ್ ಪೈಪು ಕೆಂಪಿಗೆ, ಸೂಜಿ ಬಿಳಿಗೆ, ಗಾಜು ನೀಲಿಗೆ. ಇಂಜೆಕ್ಷನ್ ಚುಚ್ಚುವಂತಿಲ್ಲ, ತನ್ನಷ್ಟಕ್ಕೆ ತಾನೇ ಮಾತ್ರೆ ಕೊಡುವಂತಿಲ್ಲ. ಎಲ್ಲವೂ ಪುಸ್ತಕದಲ್ಲಿದೆ.

ಪುಸ್ತಕದಿಂದ ತಲೆ ಎತ್ತಿದರೆ ಗೊಂಬೆ. ಹಾರ್ಡ್‌ವೇರ್ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ, ಕಬ್ಬಿಣದ ಮಂಚದ ಮೇಲೆ ಅಂಗಾತ ಮಲಗಿದೆ. ಬಂದ ದಿನ ಸುತ್ತಿಕೊಂಡಿದ್ದ ಪ್ಲಾಸ್ಟಿಕ್ ಕವರು ಹಾಗೇ ಇದೆ. ಕವರು ತೆಗೆಯಬಾರದು, ಇನ್‌ಸ್ಪೆಕ್ಷನ್ ಇದೆ. ಇನ್‌ಸ್ಪೆಕ್ಷನ್ ಆದ ಮೇಲೂ ತೆಗೆಯಬಾರದು, ಮುಂದಿನ ಬ್ಯಾಚಿಗೆ ಬೇಕು. ಹಾಗಾಗಿ ಮಧುಗಿರಿ, ಕೊರಟಗೆರೆ ಕಡೆಯಿಂದ ಶಕ್ತಿ ಯೋಜನೆಯ ಪುಣ್ಯದಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲದೆ ಬರುವ ಹುಡುಗಿಯರು ಸ್ಪಾಂಜ್ ಬಾತ್ ಕಲಿಯುವುದು ಕವರಿನ ಮೇಲೆ. ನಾಡಿ ಹಿಡಿಯುವುದೂ ಕವರಿನ ಮೇಲೆ. ಇಡೀ ಜಿಲ್ಲೆಯಲ್ಲಿ ಇಷ್ಟು ಜೋಪಾನದಲ್ಲಿರುವ ಪೇಷಂಟು ಇನ್ನೊಬ್ಬನಿಲ್ಲ. ನಾಲ್ಕು ಬಣ್ಣದ ಡಬ್ಬಗಳೂ ಇವೆ, ಫಳಫಳ ಅಂತಿವೆ. ಸೂಜಿ ಹಾಕಬೇಕಾದ ಬಿಳಿ ಡಬ್ಬದಲ್ಲಿ ಟ್ರೈನರ್ ಸಕ್ಕರೆ ಇಟ್ಟುಕೊಂಡಿದ್ದಾರೆ. ಭದ್ರವಾದ ಮುಚ್ಚಳ ನೋಡಿ, ಇರುವೆ ಹತ್ತಲ್ಲ.

ಬಾಗಿಲಲ್ಲಿ ಹೆಬ್ಬೆಟ್ಟಿನ ಮಿಷನ್ನು. ಕೇಂದ್ರದಲ್ಲಿ ನಿಜವಾಗಿ ಪರೀಕ್ಷೆ ಮಾಡುವುದು ಇದೊಂದೇ. ಈ ಹುಡುಗಿಯರಲ್ಲಿ ಅರ್ಧ ಜನ ಸುಗ್ಗಿಯಲ್ಲಿ ಅಮ್ಮನ ಜೊತೆ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸಿದವರು. ಬೆರಳಿನ ಗೆರೆ ಅಲ್ಲೇ ಅರ್ಧ ಸವೆದಿರುತ್ತದೆ. ಉಳಿದದ್ದನ್ನು ಕೋರ್ಸು ಸವೆಸುತ್ತದೆ, ಮಾತೆತ್ತಿದರೆ ಕೈ ತೊಳಿ ಅನ್ನುತ್ತದಲ್ಲ! ಯಾರು ಪಾಠ ಕೇಳಿ ಶ್ರದ್ಧೆಯಿಂದ ಕೈ ತೊಳೆಯುತ್ತಾಳೋ ಅವಳ ಬೆರಳನ್ನು ಮಿಷನ್ನು ಒಪ್ಪುವುದಿಲ್ಲ. ತೊಳೆಯದವಳಿಗೆ ‘ಪ್ರೆಸೆಂಟ್’. ‘ಒಂಚೂರು ಎಣ್ಣೆ ಹಚ್ಕೊಂಡ್ ಒತ್ತಮ್ಮಾ’ ಅಂತ ಊರೂರಿಂದ ಹುಡುಗಿಯರನ್ನು ಸೇರಿಸಿಕೊಂಡು ಬರುವ ಮೊಬಿಲೈಸರ್ ಉಪಾಯ ಹೇಳಿಕೊಡುತ್ತಾನೆ. ಅಲ್ಲಿಗೆ ಸೋಂಕು ನಿಯಂತ್ರಣದ ಅಧ್ಯಾಯ ಮುಗಿಯಿತು.

ಇದೆಲ್ಲ ಸಣ್ಣ ಊರಿನ ಸಣ್ಣ ಕಥೆ ಅಂದುಕೊಂಡವರು ದೆಹಲಿಯ ಲೆಕ್ಕ ನೋಡಬೇಕು. ಇಂಥ ಉಚಿತ ತರಬೇತಿಗಾಗಿ 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಬಗ್ಗೆ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ 2025ರ ಡಿಸೆಂಬರಿನಲ್ಲಿ ಸಂಸತ್ತಿನ ಮುಂದೆ ಬಂತು. ಯೋಜನೆಯ ಎರಡು ಮತ್ತು ಮೂರನೇ ಸುತ್ತುಗಳಲ್ಲಿ ನೂರಕ್ಕೆ 94ಕ್ಕೂ ಹೆಚ್ಚು ಜನರ ಬ್ಯಾಂಕ್ ಖಾತೆಯ ಕಾಲಂನಲ್ಲಿ ಇದ್ದದ್ದು ಸೊನ್ನೆ, ಇಲ್ಲವೇ ಖಾಲಿ. ಕೆಲವು ಕಡೆ ಖಾತೆ ಸಂಖ್ಯೆ ಜಾಗದಲ್ಲಿ ಬರೀ ಒಂದು ಒಂದು ಒಂದು ಅಂತ ಸಾಲಾಗಿ ಒತ್ತಿದ್ದರು, ಇನ್ನು ಕೆಲವು ಕಡೆ ಒಂದು ಎರಡು ಮೂರು ಅಂತ ಮಗ್ಗಿ ಬರೆದಿದ್ದರು. ಒಂದೇ ಫೋಟೊ ಹಲವರ ತರಬೇತಿಗೆ ಸಾಕ್ಷಿ ನಿಂತಿತ್ತು. ನಾಡಿ ಎಣಿಸಲು ಬಾರದ ಹುಡುಗಿಗೆ ಸರ್ಟಿಫಿಕೇಟ್ ಇಲ್ಲ. ಒಂದರಾಚೆ ಎಣಿಸಲು ಬಾರದ ಕಂಪ್ಯೂಟರಿಗೆ ಸರ್ಟಿಫಿಕೇಟ್ ಕೊಡುವ ಅಧಿಕಾರ!

ದುಡ್ಡಿನ ಹಾದಿಯೂ ಹೀಗೇ. ಎರಡನೇ ಸುತ್ತಿನಲ್ಲಿ ತರಬೇತಿ ಕೊಡುವ ಸಂಸ್ಥೆಗೆ ಬ್ಯಾಚ್ ಶುರುವಾದಾಗ ಶೇ 30, ಸರ್ಟಿಫಿಕೇಟ್ ಬಂದಾಗ ಶೇ 50, ಕೆಲಸ ಸಿಕ್ಕಿದ್ದು ತೋರಿಸಿದಾಗ ಶೇ 20. ರೋಗಿ ಗುಣವಾದರೆ ಎಷ್ಟು ಅಂತ ಕೇಳಬೇಡಿ, ಆ ಕಂತು ಇಲ್ಲ.

ಪರೀಕ್ಷೆ ದಿನ ಹೊರಗಿನಿಂದ ಅಸೆಸರ್ ಬರುತ್ತಾರೆ. ಬಿಸಿಲು, ಎರಡು ಮಹಡಿ, ಲಿಫ್ಟ್ ಇಲ್ಲ. ಅವರಿಗೇ ಮೊದಲು ಬಿ.ಪಿ. ನೋಡಬೇಕು. ‘ಪೇಷಂಟ್‌ಗೆ ಮಗ್ಗುಲು ಬದಲಿಸಿ ತೋರ್ಸಮ್ಮ’ ಅಂದರು. ಹುಡುಗಿ ಗೊಂಬೆಯ ಹೆಗಲು, ಸೊಂಟ ಹಿಡಿದು ಎಳೆದಳು. ಕವರಿಗೆ ಹಾಕಿದ್ದ ಟೇಪು ಹಾಸಿಗೆಗೂ ಅಂಟಿಕೊಂಡಿದ್ದರಿಂದ ಹಾಸಿಗೆ, ಗೊಂಬೆ, ದಿಂಬು ಮೂರೂ ಒಟ್ಟಿಗೇ ಎದ್ದು ನಿಂತವು. ಅಸೆಸರ್ ಟ್ಯಾಬ್‌ನಲ್ಲಿ ಫೋಟೊ ಹೊಡೆದುಕೊಂಡು ಮಾರ್ಕ್ಸ್ ಹಾಕಿದರು. ತಪ್ಪೇನಿಲ್ಲ, ಪೇಷಂಟ್ ಮಗ್ಗುಲು ಬದಲಿಸಿದ್ದು ನಿಜ.

ಕ್ಯೂಆರ್ ಕೋಡ್ ಇರುವ ಸರ್ಟಿಫಿಕೇಟ್ ಹಿಡಿದು ಹುಡುಗಿ ಒಂದು ನರ್ಸಿಂಗ್ ಹೋಮಿಗೆ ಸೇರಿದಳು. ಯಾರೂ ಆ ಕೋಡಿಗೆ ಮೊಬೈಲ್ ಹಿಡಿಯಲಿಲ್ಲ. ‘ನೈಟ್ ಡ್ಯೂಟಿ ಮಾಡ್ತೀಯೇನಮ್ಮಾ?’ ಅಂತ ಕೇಳಿದರು, ಅಷ್ಟೇ ಇಂಟರ್‌ವ್ಯೂ. ಯೂನಿಫಾರ್ಮ್ ಹಾಕಿದ ಮೊದಲ ರಾತ್ರಿಯೇ ವಾರ್ಡೆಲ್ಲ ಅವಳನ್ನು ‘ಸಿಸ್ಟರ್’ ಅಂತು. ಎರಡನೇ ರಾತ್ರಿ ಡ್ರಿಪ್ ಬದಲಾಯಿಸು ಅಂದರು, ಮೂರನೇ ರಾತ್ರಿ ಇಂಜೆಕ್ಷನ್ ಟ್ರೇ ಕೈಗೆ ಬಂತು. ‘ಸರ್, ನಮ್ ಪುಸ್ತಕದಲ್ಲಿ ಇದು ಬೇಡ ಅಂದವ್ರೆ’ ಅಂದಳಂತೆ. ‘ಪುಸ್ತಕದಲ್ಲಿ ಸಂಬಳನೂ ಬರೆದಿರಲ್ವಲ್ಲಮ್ಮ’ ಅಂತ ಉತ್ತರ ಬಂತು. ಬೇರೆಯವರು 3 ವರ್ಷ ಓದಿ, ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿ ಏರುವ ಮೆಟ್ಟಿಲನ್ನು ಇವಳು ಮೂರೇ ರಾತ್ರಿಯಲ್ಲಿ ಹತ್ತಿಬಿಟ್ಟಳು. ಆ ನೋಂದಣಿ ಇರುವವರ ಹೆಸರುಗಳು ಗೋಡೆಯ ಫ್ರೇಮಿನಲ್ಲಿದ್ದವು. ಅವರನ್ನು ರಾತ್ರಿ ಹೊತ್ತು ಕಂಡವರಿಲ್ಲ.

ಅವಳಿಗೆ ಕೆಲಸ ಕಲಿಸಿದ್ದು ವಾರ್ಡಿನ ಆಯಾ, ಆಯಮ್ಮ. ಪಾರ್ಶ್ವವಾಯು ಆದ ಅಜ್ಜರೊಬ್ಬರನ್ನು ಎತ್ತಲು ಹುಡುಗಿ ನೆಟ್ಟಗೆ ನಿಂತು ಬಗ್ಗಿದ್ದಳು. ಆಯಮ್ಮ ಹಿಂದಿನಿಂದ ಬಂದು ಮೊಣಕಾಲಿಗೆ ಮೆಲ್ಲಗೆ ಒದ್ದಳು. ‘ಮಂಡಿ ಬಗ್ಗಿಸೇ ಮೊದ್ಲು. ಸೊಂಟದಲ್ಲಿ ಎತ್ತಿದ್ರೆ ನಾಳೆ ಪಕ್ಕದ ಮಂಚ ನಿಂದೇ. ಬಿದ್ದೋಗಿರೋ ಕೈನ ಎಳೀಬೇಡ, ಅಡೀಗ್ ಕೈ ಕೊಡು. ಅಜ್ಜಯ್ಯ, ಹಿಂಗ್ ತಿರುಗ್ತೀವಿ, ಹ್ಞಾಂ?’ ಅಜ್ಜ ತಿರುಗಿದರು. ಬೆನ್ನ ಕೆಳಗೆ ಕೆಂಪಾದ ಜಾಗವನ್ನು ಆಯಮ್ಮ ಉಜ್ಜಲಿಲ್ಲ, ಅದು ತಗಲದಂತೆ ದಿಂಬು ಕೊಟ್ಟು ಒರಗಿಸಿದಳು. ಪುಸ್ತಕದ ಇಡೀ ಅಧ್ಯಾಯ ಅರ್ಧ ನಿಮಿಷದಲ್ಲಿ ಮುಗಿದಿತ್ತು.

ಇಂಥವರಿಗೂ ಸರ್ಕಾರ ದಾರಿ ಮಾಡಿದೆ. ಅನುಭವವಿದ್ದು ಕಾಗದವಿಲ್ಲದವರಿಗೆ ಆರ್‌ಪಿಎಲ್ ಅಂತ ಒಂದು ವ್ಯವಸ್ಥೆ ಇದೆ. ಮೊದಲೇ ಕಲಿತದ್ದನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುತ್ತಾರೆ. ಆಯಮ್ಮ ಒಂದು ದಿನದ ಕೂಲಿ ಬಿಟ್ಟು ಹೋದಳು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಕೇಳಿದರು. ‘ನಾನ್ ಸ್ಕೂಲ್ ಬಿಟ್ಟಾಗ ನೀನ್ ಹುಟ್ಟಿರ್ಲಿಲ್ಲ ಕಣಪ್ಪ’ ಅಂದಳು. ಅಂಥ ಕಾಲಂ ಫಾರಂನಲ್ಲಿ ಇರಲಿಲ್ಲ. ಹೊರಡುವಾಗ ಗೊಂಬೆಯನ್ನು ನೋಡಿ, ‘ಇದಕ್ಯಾಕೆ ಉಸಿರುಕಟ್ಟೋ ಹಂಗೆ ಸುತ್ತೀರ?’ ಅಂತ ಕೇಳಿದಳಂತೆ. ರೋಗಿಯ ಕಷ್ಟವನ್ನು ಆ ಕೇಂದ್ರದಲ್ಲಿ ಗಮನಿಸಿದವಳು ಅವಳೊಬ್ಬಳೇ, ಅವಳೇ ಅನರ್ಹಳು.

ಹುಡುಗಿ ಮದುವೆಯಾಗಿ ಪಾವಗಡ ಕಡೆ ಹೋದಳು. ಹಳೇ ಬ್ಯಾಚಿನವರಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಅಂತ ತೋರಿಸುವ ದಿನ ಬಂದಾಗ ಕೇಂದ್ರದಿಂದ ಫೋನು.

‘ಮೇಡಂ, ಈಗ ಕೆಲಸ ಮಾಡ್ತಿದ್ದೀರಾ?’

‘ಎಲ್ಲಿ ಸಾರ್, ಅತ್ತೆಗೆ ಸ್ಟ್ರೋಕಾಗೈತೆ. ಅವರನ್ನೇ ನೋಡ್ಕಂತಾ ಇವ್ನಿ.’

‘ಹೋಮ್ ಕೇರ್! ಸೂಪರ್. ದಿನಕ್ಕೆ ಎಷ್ಟು ಗಂಟೆ?’

‘ಹಗ್ಲೂ ರಾತ್ರಿ.’

‘ಸ್ವಯಂ ಉದ್ಯೋಗ ಅಂತ ಹಾಕ್ಕೊಂಡೆ. ಸಂಬಳ ಎಷ್ಟು ಬರೀಲಿ? ಖಾಲಿ ಬಿಟ್ರೆ ಕಂಪ್ಯೂಟರ್ ತಗೊಳ್ಳಲ್ಲ.’

‘ನಿಮಗೆ ರೂಢಿ ಇರೋದೇ ಹಾಕ್ಕಳಿ ಸಾರ್. ಒಂದು, ಒಂದು, ಒಂದು.’