ವರ್ಷವಿಡೀ ಮಜಾ, ನೀರು ಮಾತ್ರ ಕೇಳಬೇಡಿ

ಆ ಬಣ್ಣದ ಕರಪತ್ರ ಪೇಪರಿನ ಜೊತೆ ನಿಮ್ಮ ಮನೆಗೂ ಬಂದಿರಬೇಕು. ಹುಬ್ಬಳ್ಳಿ, ಗದಗ ಎರಡೂ ಕಡೆ ಹಂಚಿದ್ದಾರೆ. ಕೆರೆ ದಂಡೆಯ ಹಳ್ಳಿಮನೆ ವಸತಿ, ‘365 ದಿನವೂ ಚಟುವಟಿಕೆ’. ಹೆಸರು ಬೇಡ ಬಿಡಿ, ನಿಮಗೆ ಗೊತ್ತು. ಬಾಗಿಲಲ್ಲಿ ಫೈಬರ್ ಎತ್ತು ನಿಲ್ಲಿಸಿದ್ದಾರಲ್ಲ, ಅದೇ.

ಫೋಟೋದಲ್ಲಿ ಕೆರೆ ನೀಲಿಯಾಗಿದೆ. ನಮ್ಮ ಎರೆಮಣ್ಣಿನ ಸೀಮೆಯಲ್ಲಿ ಒಳ್ಳೆ ಮಳೆ ಆದ ವರ್ಷವೂ ಕೆರೆ ನೀರು ಹಾಲು ಜಾಸ್ತಿ ಬಿದ್ದ ಚಹಾದ ಬಣ್ಣದಲ್ಲೇ ಇರುತ್ತದೆ. ಹಿಂದೆ ಹಿಮ ಹೊದ್ದ ಗುಡ್ಡವೊಂದು ಇಣುಕುತ್ತಿದೆ. ಕಪ್ಪತಗುಡ್ಡ ಅಂತ ತಿಳಿದುಕೊಳ್ಳೋಣ. ಅದರ ಮೇಲಿನ ಗಾಳಿ ಯಂತ್ರಗಳನ್ನು ಅಳಿಸಿ ಹಿಮ ಬಳಿದಿದ್ದಾರೆ, ಅಷ್ಟೇ.

ಹನ್ನೆರಡು ತಿಂಗಳಿಗೂ ಒಂದೊಂದು ಕಾರ್ಯಕ್ರಮ ಹಾಕಿದ್ದಾರೆ, ಮೆಚ್ಚಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಏನು ಮಾಡುತ್ತಾರಪ್ಪಾ ಅಂತ ನೋಡಿದರೆ, ‘ಲೇಕ್ ಬೆಡ್ ಕ್ರಿಕೆಟ್’! ಅಂದರೆ ಕೆರೆ ಬತ್ತಿದೆ, ಬನ್ನಿ, ಆಡಿ. ಬಿರುಕು ಬಿಟ್ಟ ನೆಲದಲ್ಲಿ ಚೆಂಡು ಎತ್ತ ಪುಟಿಯುತ್ತದೆ ಅಂತ ಬೌಲರ್‌ಗೂ ಗೊತ್ತಾಗುವುದಿಲ್ಲ. ನಮ್ಮೂರ ಹುಡುಗರು ಬೇಸಿಗೆಯಲ್ಲಿ ಇದನ್ನೇ ಆಡುತ್ತಾರೆ, ಪಾಪ, ಅವರಿಗೆ ಇದಕ್ಕೆ ತಲೆಗಿಷ್ಟು ಅಂತ ವಸೂಲಿ ಮಾಡಬಹುದು ಅನ್ನೋದು ಹೊಳೆದಿರಲಿಲ್ಲ.

ಕಾರಹುಣ್ಣಿಮೆಗೆ ಎತ್ತಿನ ಜೊತೆ ಸೆಲ್ಫಿ. ಪಂಚಮಿಗೆ ಬೇವಿನ ಮರದ ಜೋಕಾಲಿ, ಅದರ ಹೆಸರು ಈಗ ‘ಅಡ್ವೆಂಚರ್ ಸ್ವಿಂಗ್’, ಹೆಲ್ಮೆಟ್ ಕಡ್ಡಾಯ. ಎಳ್ಳಮಾವಾಸ್ಯೆಗಂತೂ ಕೈ ಮುಗಿಯಬೇಕು. ಹೊಲದಲ್ಲಿ ಭೂತಾಯಿಗೆ ಎಡೆ ಹಾಕುವ ಚರಗ ಚೆಲ್ಲುವುದಕ್ಕೂ ಪ್ಯಾಕೇಜು. ಚಕ್ಕಡಿಯಲ್ಲಿ ಹೊಲಕ್ಕೆ ಕರೆದೊಯ್ದು, ಸಜ್ಜಿ ರೊಟ್ಟಿ, ಪುಂಡಿಪಲ್ಯ, ಕಡಬು ಎಲ್ಲಾ ಬಡಿಸಿ, ಹಾಡಿಗೊಬ್ಬ ಕೂಗುವವನನ್ನು ಗೊತ್ತು ಮಾಡಿದ್ದಾರೆ. ಭೂತಾಯಿಗೆ ಚೆಲ್ಲುವ ತುತ್ತು ಬಿಲ್ಲಿನಲ್ಲಿ ಯಾರ ಲೆಕ್ಕಕ್ಕೆ ಬೀಳುತ್ತದೆ ಅಂತ ಬರೆದಿಲ್ಲ. ಭೂತಾಯಿ ಜಿಎಸ್‌ಟಿ ಕಟ್ಟುತ್ತಾಳಾ? ಮತ್ತೆ ಹೊಲ ಯಾರದು? ಅವನನ್ನು ಊಟಕ್ಕೆ ಕೂಡಿಸಿದ್ದಾರಾ, ಇಲ್ಲಾ ಅವನೇ ಚಕ್ಕಡಿ ಹೊಡೆಯುತ್ತಿದ್ದಾನಾ?

‘ಹತ್ತಿರದ ಆಕರ್ಷಣೆ’ಗಳಲ್ಲಿ ಲಕ್ಕುಂಡಿ, ಡಂಬಳ, ಬಂಕಾಪುರದ ನವಿಲು, ರಾಣೇಬೆನ್ನೂರಿನ ಕೃಷ್ಣಮೃಗ ಎಲ್ಲಾ ಇವೆ. ಗೋವಾ ಕೂಡ ಇದೆ. ಒಂದೇ ದಿನದಲ್ಲಿ ಲಕ್ಕುಂಡಿ ಮುಗಿಸಿ ಮಧ್ಯಾಹ್ನದ ಊಟಕ್ಕೆ ವಾಪಸ್ಸಂತೆ. ಸಾವಿರ ವರ್ಷದ ಬ್ರಹ್ಮ ಜಿನಾಲಯಕ್ಕೆ ಹದಿನೈದು ನಿಮಿಷ, ಮುಸುಕಿನ ಬಾವಿಗೆ ಹತ್ತು, ದಾರಿಯ ಮಿರ್ಚಿ ಭಜಿಗೆ ನಲವತ್ತು. ಇದೊಂದು ಲೆಕ್ಕ ನನಗೆ ತಪ್ಪು ಅನ್ನಿಸಲಿಲ್ಲ.

ಮಾಗಡಿ ಕೆರೆಯ ಹೆಬ್ಬಾತುಗಳ ವಿಷಯಕ್ಕೆ ಬರೋಣ. ಶಿರಹಟ್ಟಿ ತಾಲ್ಲೂಕಿನ ಈ ಕೆರೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತಲ್ಲ, ಅವತ್ತಿನಿಂದ ಸುತ್ತಲಿನ ಹೊಂಡಕ್ಕೆಲ್ಲ ಪಕ್ಷಿಧಾಮದ ಕನಸು. ಪಟ್ಟೆತಲೆ ಹೆಬ್ಬಾತು ಮಂಗೋಲಿಯಾ ಕಡೆಯಿಂದ ಹೊರಟು ಹಿಮಾಲಯ ಹಾರಿ ಬರುತ್ತದೆ. 7,000 ಮೀಟರ್ ಎತ್ತರದಲ್ಲೂ ಹಾರಿದ ದಾಖಲೆ ಇದೆ. ಟಿಕೆಟ್ ಇಲ್ಲ, ರಿಸರ್ವೇಶನ್ ಇಲ್ಲ. ಚಳಿಗಾಲಕ್ಕೆ ಬಂದು ಹಗಲು ನೀರಲ್ಲಿ ತೂಕಡಿಸಿ, ರಾತ್ರಿ ಹೊಲಕ್ಕೆ ಹೋಗಿ ಮೇಯುತ್ತದೆ. ರೈತ ಬೈದುಕೊಳ್ಳುತ್ತಾನೆ, ಆದರೂ ಕಲ್ಲು ಹೊಡೆಯುವುದಿಲ್ಲ. ಅದರ ಬೇಡಿಕೆ ಎರಡೇ, ನೀರು ಮತ್ತು ಸದ್ದಿಲ್ಲದ ಹಗಲು. ನಮ್ಮ ಹಳ್ಳಿಮನೆಯವರು ಇದೇ ಹಕ್ಕಿಯ ಫೋಟೋ ಕರಪತ್ರದ ತುದಿಗೆ ಹಾಕಿ, ಅದರ ಕೆಳಗೇ ‘ಪೂಲ್ ಸೈಡ್ ಡಿಜೆ, ಬೆಳಿಗ್ಗೆ 11ರಿಂದ’ ಅಂತ ಅಚ್ಚು ಹಾಕಿಸಿದ್ದಾರೆ. ಹಿಮಾಲಯ ದಾಟಿ ಬಂದ ಹಕ್ಕಿ ಇದನ್ನೂ ದಾಟಿ ಮುಂದೆ ಹೋಗುತ್ತದೆ ಬಿಡಿ. ಕೆರೆಯಲ್ಲಿ ಬಿಳಿ ಪ್ಲಾಸ್ಟಿಕ್ ಹಂಸದ ಪೆಡಲ್ ದೋಣಿ ಇವೆ, ಅವು ವಲಸೆ ಹೋಗುವುದಿಲ್ಲ.

ಇನ್ನೊಂದು ಐಟಂ ಇದೆ, ‘ಗ್ರಾಮೀಣ ಮಹಿಳೆಯ ಅನುಭವ’. ಇಳಕಲ್ ಸೀರೆ, ಹಿತ್ತಾಳೆ ಕೊಡ, 20 ನಿಮಿಷ. ಕೊಡ ಖಾಲಿಯೇ ಇರುತ್ತದೆ, ಸೊಂಟ ನೋಯಬಾರದು ನೋಡಿ. ಮೆಟ್ಟಿಲ ಮೇಲೆ ನಿಲ್ಲಿಸಿ ಸಂಜೆ ಬಿಸಿಲಲ್ಲಿ ಫೋಟೋ ತೆಗೆಯುತ್ತಾರೆ.

ಇಲ್ಲಿಗೆ ನಗು ಸಾಕಾಯಿತು ನನಗೆ. ಈ ಭಾಗದಲ್ಲಿ ಬೋರ್ ಕೊರೆದರೆ ಎಷ್ಟೋ ಊರಲ್ಲಿ ಬರುವುದು ಸವಳು ನೀರು, ಜೊತೆಗೆ ಫ್ಲೋರೈಡು. ಅದಕ್ಕೇ ಹಿರಿಯರು ಕೆರೆ ಕಟ್ಟಿಕೊಂಡರು. ಕುಡಿಯೋ ಕೆರೆಗೆ ಚಪ್ಪಲಿ ಬಿಟ್ಟು ಇಳಿಯುತ್ತಿದ್ದರು, ದನ ಬಿಡುತ್ತಿರಲಿಲ್ಲ, ಮುಖ ತೊಳೆದವನಿಗೂ ಬೈಗುಳ ಬೀಳುತ್ತಿತ್ತು. ಈಗ ನೀರು ಬರುವ ಕಾಲುವೆ ಮುಚ್ಚಿ ಅದರ ಮೇಲೆ ಕಾರ್ ಪಾರ್ಕಿಂಗ್. ಹೂಳು ಎತ್ತಿ ಅಂದರೆ ಅನುದಾನ ಇಲ್ಲ. ದಂಡೆಗೆ ಬಣ್ಣದ ದೀಪ ಹಾಕಿ ಅಂದರೆ ಮರುದಿನವೇ ಇದೆ. ಕೆರೆ ಬತ್ತಲು ಮಳೆ ಕಾರಣ ಅಂತ ಮೈಕ್ ಹಿಡಿದು ಹೇಳುತ್ತಾರೆ. ನಾಚಿಕೆ ಇಲ್ಲ. ಹುಬ್ಬಳ್ಳಿಯ ಉಣಕಲ್ ಕೆರೆಯಲ್ಲಿ ಅಂತರಗಂಗೆ ಕಳೆ ಹಬ್ಬಿದ್ದನ್ನು ವರ್ಷಗಟ್ಟಲೆ ನೋಡಿದ್ದೇವೆ. ದೂರದಿಂದ ಹಸಿರು ಲಾನ್ ಅಂತ ಯಾರಾದರೂ ಅದಕ್ಕೂ ಟಿಕೆಟ್ ಇಟ್ಟಾರು. ನಾವು ತೆಗೆದುಕೊಂಡೂ ಬಿಡುತ್ತೇವೆ, ಅಲ್ವಾ? ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬಂದರೆ ಹಬ್ಬ ಮಾಡುವ ಜನ, ಶನಿವಾರ ದುಡ್ಡು ಕೊಟ್ಟು ಮಳೆ ನೃತ್ಯ ಮಾಡಲು ಹೋಗುತ್ತೇವೆ. ‘ರೇನ್ ಡ್ಯಾನ್ಸ್’ ಮೇ ತಿಂಗಳಲ್ಲೂ ಇದೆಯಂತೆ, ಟ್ಯಾಂಕರ್ ನೀರಲ್ಲಿ.

ಊರಿನ ಹೆಣ್ಣುಮಕ್ಕಳು ಹಳೇ ರೂಢಿಯಂತೆ ಪ್ಲಾಸ್ಟಿಕ್ ಕೊಡ ಹಿಡಿದು ಗೇಟಿಗೆ ಬಂದರೆ, ಸೀಟಿ ಕಟ್ಟಿಕೊಂಡ ಕಾವಲುಗಾರ ಕೇಳುತ್ತಾನೆ: “ಡೇ ಔಟಿಂಗೋ, ನೈಟ್ ಸ್ಟೇನೋ?”

“ನೀರಿಗೆ ಬಂದೀವಪಾ.”

“ಅದು ಪ್ಯಾಕೇಜಿನ್ಯಾಗ ಇಲ್ರಿ ಅಕ್ಕಾ.”

ಅವನೂ ಅದೇ ಊರಿನವನು. ಅವನ ಮನೆಗೂ ನೀರು ಬೇಕು, ಡ್ಯೂಟಿ ಮುಗಿದ ಮೇಲೆ.