ಡಬ್ಬದ ಮೇಲೊಂದು ಹಸಿರೆಲೆ

ರಾತ್ರಿ ಎರಡು ಗಂಟೆಗೆ ಬಲಗಾಲಿನ ಹೆಬ್ಬೆರಳನ್ನು ಯಾರೋ ಇಕ್ಕಳ ಹಾಕಿ ತಿರುಚಿದ ಹಾಗಾಯಿತು. ಲೈಟ್ ಹಾಕಿ ನೋಡಿದರೆ ಬೆರಳು ಕೆಂಪಗೆ ಊದಿಕೊಂಡಿದೆ. ಹೊದಿಕೆಯ ಅಂಚು ತಾಗಿದರೂ ಜೀವ ಹೋಗುತ್ತಿತ್ತು. ಫ್ಯಾನ್ ಗಾಳಿಯೂ ನೋಯಿಸುತ್ತದೆ ಅಂತ ಹೆಂಡತಿಗೆ ಹೇಳಿದೆ. ಅವಳು ನಂಬಲಿಲ್ಲ.

ಡಾಕ್ಟರು ರಕ್ತದ ರಿಪೋರ್ಟ್ ನೋಡಿ ಗೌಟ್ ಅಂದರು. ಯೂರಿಕ್ ಆಸಿಡ್ 9.2. ಅದು 6.8 ದಾಟಿತೆಂದರೆ ಸೂಜಿಯಂಥ ಹರಳಾಗಿ ಕೀಲಿನೊಳಗೆ ಕೂರಬಹುದಂತೆ. ಬರೆದುಕೊಟ್ಟದ್ದು ಕೊಲ್ಚಿಸಿನ್, ಅರ್ಧ ಮಿಲಿಗ್ರಾಮಿನ ಪುಟಾಣಿ ಮಾತ್ರೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಾನಿರುವುದು ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ, ಅದೂ ಊರಿನವರೇ ತುಂಬಿರುವ ಬಿಲ್ಡಿಂಗಿನಲ್ಲಿ. ಕುಂಟುತ್ತಾ ಲಿಫ್ಟಿನ ಹತ್ತಿರ ಬರುವಷ್ಟರಲ್ಲಿ ಮೂರನೇ ಮಾಳಿಗೆಯ ಶೆಟ್ರು ಚೀಟಿ ಕಿತ್ತುಕೊಂಡು ಓದಿದರು.

"ಇದು ಕೆಮಿಕಲ್ ಮಾರಾಯ್ರೆ! ಕಿಡ್ನಿ ಹೋಗ್ತದೆ. ನಾನೊಂದು ಪುಡಿ ತರಿಸಿ ಕೊಡ್ತೇನೆ. ಪೂರ್ತಿ ಗಿಡಮೂಲಿಕೆ."

ಸಂಜೆಗೇ ಡಬ್ಬ ಬಂತು. ಮೇಲೊಂದು ಹಸಿರೆಲೆ, ಪಕ್ಕದಲ್ಲಿ ಗಡ್ಡದ ಋಷಿ. 'ಅಪರೂಪದ 21 ಮೂಲಿಕೆಗಳು.' ಯಾವ್ಯಾವುದು? ಅದು ಗುಟ್ಟು. 'ದಿನಕ್ಕೆ ಒಂದು ಚಮಚ.' ಎಂಥ ಚಮಚ? ಶೆಟ್ರು ಹೋಟೆಲಿನವರು. ಚಾ ಚಮಚದಿಂದ ಸಾಂಬಾರ್ ಸೌಟಿನ ತನಕ ಎಲ್ಲ ಅಳತೆಯೂ ಅವರಲ್ಲಿದೆ. ಸ್ವಲ್ಪ ಯೋಚಿಸಿ, "ನಿಮಗೆ ನೋವು ಜಾಸ್ತಿ ಅಲ್ವಾ, ಎರಡು ತೆಗೊಳ್ಳಿ" ಅಂದರು.

ಈ ಪುಡಿಯ ನಂಬರ್ ಅವರಿಗೆ ಸಿಕ್ಕಿದ್ದು ಲೋಕಲ್ ಟ್ರೇನಿನ ಬಾಗಿಲ ಪಕ್ಕದ ಸ್ಟಿಕರಿನಲ್ಲಿ. ಬಿಟ್ಟುಹೋದ ಪ್ರೇಯಸಿಯನ್ನು 24 ಗಂಟೆಯಲ್ಲಿ ಕರೆತರುವ ಬಾಬಾನ ಸ್ಟಿಕರ್ ಅದರ ಕೆಳಗೇ ಇದೆ. ಎರಡಕ್ಕೂ ಒಂದೇ ನಂಬರೋ ಏನೋ, ಗರ್ದಿಯಲ್ಲಿ ನನಗೆ ಓದಲಾಗಲಿಲ್ಲ. ಕೀಲುವಾತ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಹಾಕುವ ಹಾಗಿಲ್ಲ ಎಂದು 1954ರಲ್ಲೇ ಕಾನೂನು ಬಂದಿದೆ. ಪಾಪ, ಅದಕ್ಕೂ ಲೋಕಲ್ ಹತ್ತಲು ಜಾಗ ಸಿಕ್ಕಿರಲಿಕ್ಕಿಲ್ಲ.

ತಮಾಷೆ ಏನೆಂದರೆ, ಶೆಟ್ರು ಬೈದ ಆ ಮಾತ್ರೆಯ ಮೂಲವೂ ಗಿಡವೇ. ಯುರೋಪಿನ ಕೊಲ್ಚಿಕಮ್ ಅನ್ನುವ ಹೂಗಿಡದಿಂದ ಪೆಲ್ಲೆತಿಯೇ ಮತ್ತು ಕವಾಂತು ಎಂಬ ಇಬ್ಬರು ಫ್ರೆಂಚರು ಅದರ ಸತ್ವವನ್ನು 1820ರಲ್ಲಿ ಬೇರ್ಪಡಿಸಿದರು. ನಮ್ಮ ಅಗ್ನಿಶಿಖೆಯಲ್ಲೂ ಅದೇ ಇದೆ. ಮಳೆಗಾಲದಲ್ಲಿ ಬೋರಿವಲಿಯ ಕಾಡಿನಲ್ಲಿ ಪೊದೆ ಹತ್ತಿ, ಕೆಂಪು ಹಳದಿ ಎಸಳು ಮೇಲಕ್ಕೆ ಮಡಚಿಕೊಂಡು, ಬೆಂಕಿ ಹಚ್ಚಿದ ಹಾಗೆ ಅರಳುತ್ತದಲ್ಲ, ಅದು. ಮರಾಠಿಯವರು ಕಳಲಾವಿ ಅನ್ನುತ್ತಾರೆ. ಜಗಳ ತಂದಿಡುವ ಹೆಂಗಸಿಗೂ ಅದೇ ಹೆಸರು! ಅದರ ಗೆಡ್ಡೆಯನ್ನು ಅಳತೆ ಇಲ್ಲದೆ ತಿಂದರೆ ವಾಂತಿ ಭೇದಿಯಲ್ಲಿ ಶುರುವಾಗಿ ಪ್ರಾಣವೇ ಹೋಗಬಹುದು. ಮಾತ್ರೆಯೂ ಹೆಚ್ಚಾದರೆ ಹಾಗೆಯೇ. ಅದಕ್ಕೇ ಡಾಕ್ಟರು ಅರ್ಧ ಮಿಲಿಗ್ರಾಂ ಅಂತ ಲೆಕ್ಕ ಹಾಕುವುದು.

ಇದನ್ನೆಲ್ಲ ಶೆಟ್ರಿಗೆ ವಿವರಿಸಿದೆ.

"ಗಿಡವೇ ಇರಬಹುದು. ಆದರೆ ಮಾತ್ರೆ ಮಾಡಿಬಿಟ್ಟಿದ್ದಾರಲ್ಲ!"

"ಇದನ್ನೂ ಪುಡಿ ಮಾಡಿದ್ದಾರಲ್ಲ?"

"ಪುಡಿ ಅಂದ್ರೆ ಪುಡಿ ಮಾರಾಯ್ರೆ."

ಜೊತೆಗೆ ಪಥ್ಯವನ್ನೂ ಅವರೇ ಹೇಳಿದರು. ಪಾಲಕ್ ಬೇಡ, ತೊಗರಿಬೇಳೆ ಬೇಡ. ಹೇಳಿದ್ದು ಭಾನುವಾರ, ಅವರದೇ ಮನೆಯಲ್ಲಿ, ಭೂತಾಯಿ ಪುಳಿಮುಂಚಿ ಬಡಿಸುತ್ತಾ, ಕೈಯಲ್ಲಿ ಬಿಯರ್ ಹಿಡಿದುಕೊಂಡು. ಅಮೆರಿಕದಲ್ಲಿ 47,000 ಗಂಡಸರನ್ನು 12 ವರ್ಷ ಗಮನಿಸಿ 2004ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಮಾಂಸ, ಮೀನು ಜಾಸ್ತಿ ತಿಂದವರಿಗೆ ಗೌಟ್ ಜಾಸ್ತಿ. ಮೈಯೊಳಗೆ ಯೂರಿಕ್ ಆಸಿಡ್ ಆಗುವ ಪ್ಯೂರಿನ್ ಇರುವ ತರಕಾರಿ ತಿಂದವರಿಗೆ ಹಾಗೇನೂ ಕಾಣಲಿಲ್ಲ. ಆ ಮೀನಿನ ತಟ್ಟೆಯ ಮುಂದೆ ಕೂತು ಇದನ್ನು ಹೇಳುವ ಧೈರ್ಯ ನನಗಾಗಲಿಲ್ಲ. ಭೂತಾಯಿ ಚೆನ್ನಾಗಿತ್ತು.

ಪುಡಿಯನ್ನು ಡಾಕ್ಟರಿಗೆ ತೋರಿಸಿದೆ. ಇಂಥ ಗಂಟುನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ, ಮುಟ್ಟಬೇಡಿ ಅಂದರು. ಎಸೆಯಲು ಹೆಂಡತಿಗೆ ಮನಸ್ಸಾಗಲಿಲ್ಲ. 650 ರೂಪಾಯಿ ಕೊಟ್ಟಿದ್ದೇವೆ. ಹೇಗೂ ಗಿಡದ್ದೇ ಅಲ್ವಾ ಅಂತ ಬಾಲ್ಕನಿಯ ಕರಿಬೇವಿನ ಬುಡಕ್ಕೆ ಸುರಿದಳು. ವಾರದಲ್ಲಿ ಎಲೆಯೆಲ್ಲ ಹಳದಿಯಾಗಿ ಉದುರಿತು.

ಮೊನ್ನೆ ನನ್ನ ಕಾಲು ವಿಚಾರಿಸಲು ಬಂದ ಶೆಟ್ರು ಬೋಳು ಗಿಡದ ಮುಂದೆ ನಿಂತರು. ಬುಡದ ಮಣ್ಣು ಕೆದಕಿ ಮೂಸಿ ನೋಡಿದರು.

"ಎಂಥದ್ದು ಮಾರಾಯ್ರೆ, ಕೆಮಿಕಲ್ ಹಾಕಿದ್ರಾ?"