ಕುಕ್ಕರ್ ಕೂಗಿತು, ಅತ್ತೆ ಕೇಳಿಸ್ಕೊಂಡ್ರು

ನಮ್ಮನೇಲಿ ಮಾಡ್ಯುಲರ್ ಸಿಂಥ್ (ಬಿಡಿಬಿಡಿ ಮಾಡ್ಯೂಲುಗಳನ್ನ ಕೇಬಲ್ಲಲ್ಲಿ ಜೋಡಿಸಿ ಸದ್ದು ಹುಟ್ಟಿಸೋ ಎಲೆಕ್ಟ್ರಾನಿಕ್ ವಾದ್ಯ) ಅಂದ್ರೆ ಯಾರಿಗೂ ಗೊತ್ತಾಗಲ್ಲ, "ಅವನ ವೈರಿನ್ ಡಬ್ಬ" ಅಂದ್ರೆ ಎಲ್ಲರಿಗೂ ಗೊತ್ತು. ಟೆಲಿಫೋನ್ ಇಲಾಖೇಲಿ ರಿಟೈರ್ ಆದ ಅಪ್ಪ ಅದನ್ನ ಮೊದಲ ಸಲ ನೋಡಿ "ನಮ್ ಎಕ್ಸ್‌ಚೇಂಜಲ್ಲೇ ಇದಕ್ಕಿಂತ ನೀಟಾಗಿತ್ತು" ಅಂದಿದ್ರು. ಈ ಥರದ್ದು ನಮ್ ದೇಶದಲ್ಲಿ ಯಾರಾದ್ರೂ ನುಡಿಸ್ತಾರಾ ಅಂತ ಅಮ್ಮ ಕೇಳಿದ್ಲು. 1969ರಲ್ಲೇ ಡೇವಿಡ್ ಟ್ಯೂಡರ್ ಅನ್ನೋ ಅಮೆರಿಕದ ಸಂಗೀತಗಾರ ಅಹಮದಾಬಾದ್‌ನ ಎನ್‌ಐಡಿ ಅನ್ನೋ ಡಿಸೈನ್ ಸಂಸ್ಥೇಲಿ ಮೂಗ್ ಸಿಂಥಸೈಜರ್ ಕೂರಿಸಿದ್ದ ಕಣಮ್ಮಾ ಅಂದೆ. "ಅವನಿಗೆ ಸಂಬಳ ಬರ್ತಿತ್ತಾ?" ಅಂದ್ಲು. ಅಲ್ಲಿಗೆ ಇತಿಹಾಸ ಮುಗೀತು.

ಈ ಡಬ್ಬದಲ್ಲಿ ನನ್ನ ಜೀವ ಅಂದ್ರೆ ಮಾರ್ಫಜೀನ್ ಅನ್ನೋ ಮಾಡ್ಯೂಲು. ಸದ್ದನ್ನ ರೆಕಾರ್ಡ್ ಮಾಡ್ಕೊಳತ್ತೆ, ಆಮೇಲೆ ಅದನ್ನ ಹುರುಳೀಕಾಯಿ ಹೆಚ್ಚಿದ ಹಾಗೆ ಹೆಚ್ಚಿ, ನಿಧಾನ ಮಾಡಿ, ಉಲ್ಟಾ ಓಡಿಸಿ, ಬೇಕಾದ್ ತುಂಡನ್ನ ಬೇಕಾದಾಗ ನುಡಿಸಬಹುದು. 1948ರಲ್ಲಿ ಪ್ಯಾರಿಸ್ಸಲ್ಲಿ ಪಿಯರ್ ಶೇಫರ್ ಅನ್ನೋ ರೇಡಿಯೋ ಇಂಜಿನಿಯರ್ ರೈಲಿನ ಸದ್ದಲ್ಲೇ ಸಂಗೀತ ಕಟ್ಟಿದ್ದ, ನಮ್ಮನೇಲಿ ರೈಲಿಲ್ಲ, ಕುಕ್ಕರ್ ಇದೆ, ಅಡುಗೆಮನೆ ಬಾಗಿಲಿಗೆ ಮೈಕ್ ನೇತಾಕಿ ಒಂದು ವಿಷಲ್ ಹಿಡ್ಕೊಂಡೆ. ಮಾರನೇ ದಿನ ಅದನ್ನೇ ಸ್ಪೀಕರಲ್ಲಿ ಬಿಟ್ಕೊಂಡು ಆಹಾ ಅಂತ ಕೂತಿದ್ರೆ, ದೇವರಮನೇಲಿದ್ದ ಅಮ್ಮ ಮೂರು ಕೂಗು ಎಣಿಸಿ ಬಂದು ಗ್ಯಾಸ್ ಆರಿಸಿಬಿಟ್ಟಿದ್ದಾಳೆ! ಅವತ್ತು ಬೇಳೆ ಕಟಕಟ. ಅಪ್ಪ ಮಾತಾಡದೆ ಅಗಿದ್ರು.

ಅದಾದ್ರೂ ಪರವಾಗಿಲ್ಲ. ಮೈಕ್ ಅಲ್ಲೇ ನೇತಾಡ್ತಿತ್ತು, ರೆಕಾರ್ಡ್ ಲೈಟು ಉರೀತಾನೇ ಇತ್ತು, ನಾನ್ ನೋಡಿರ್ಲಿಲ್ಲ.

ಭಾನುವಾರ ಅತ್ತೆ ಬಂದ್ರು, ಅಪ್ಪನ ಅಕ್ಕ. "ಏನೋ ಅದು ನುಡಿಸ್ತೀಯಂತಲ್ಲ, ಕೇಳಿಸೋ" ಅಂದ್ರು. ಜನ್ಮದಲ್ಲಿ ಮೊದಲ ಸಲ ಒಬ್ರು ಬಾಯಿಬಿಟ್ಟು ಕೇಳಿದಾರೆ, ನಾನು ಉಬ್ಬಿಹೋಗಿ ಯಾವ ತುಂಡು ಬರ್ಬೇಕು ಅಂತ ಆರಿಸೋ ನಾಬ್‌ಗೆ ರ್‍ಯಾಂಡಮ್ ವೋಲ್ಟೇಜ್ ಕೊಟ್ಟೆ, ಅಂದ್ರೆ ಯಾವುದು ಬರತ್ತೋ ನನಗೂ ಗೊತ್ತಿಲ್ಲ, ಅದೇ ಇದರ ಮಜಾ ಅಂತ ಬೇರೆ ಭಾಷಣ ಬಿಗಿದೆ. ವಿಷಲ್ ಬಂತು. ತಟ್ಟೆ ಸದ್ದು ಬಂತು. ಆಮೇಲೆ ಸ್ವಚ್ಛವಾಗಿ ಅಮ್ಮನ ದನಿ: "ನಿಮ್ಮಕ್ಕನಂಥ ಜಿಪುಣೀನ ನಾನ್ ನೋಡಿಲ್ಲಪ್ಪ".

ಗಾಬರಿಗೆ ಕೈಗೆ ಸಿಕ್ಕಿದ ನಾಬ್ ತಿರುಗಿಸಿದೆ. ಅದು ವಾಲ್ಯೂಮ್ ಅಲ್ಲ, ತುಂಡಿನ ಸೈಜು. ಇಡೀ ವಾಕ್ಯ ಕುಗ್ಗಿ ಒಂದೇ ಪದಕ್ಕೆ ಬಂದು ನಿಂತು "ಜಿಪುಣೀನ ಜಿಪುಣೀನ ಜಿಪು ಜಿಪು ಜಿಪು" ಅಂತ ಶುರು ಹಚ್ಕೊಳ್ತು. ಕೇಬಲ್ ಕಿತ್ತೆ, ಕಿತ್ತಿದ್ದು ಸ್ಪೀಡಿನ ಕೇಬಲ್ಲು, ಜಿಪು ನಿಧಾನವಾಗಿ ಯಕ್ಷಗಾನದ ರಾಕ್ಷಸನ ದನಿಗೆ ಇಳೀತು. ಅಲ್ಲಿ ಇಪ್ಪತ್ತು ಕೇಬಲ್ ಇದೆ, ಸ್ಪೀಕರಿಗೆ ಹೋಗೋದು ಯಾವ್ದು ಅಂತ ಆ ಹೊತ್ತಲ್ಲಿ ಹರಿಬ್ರಹ್ಮನಿಗೂ ಗೊತ್ತಿರಲ್ಲ (ಲೇಬಲ್ ಹಚ್ಚು ಅಂತ ಅಪ್ಪ ಹೇಳಿದ್ರು, ಹಚ್ಚಿರ್ಲಿಲ್ಲ). ಕೊನೆಗೆ ಪ್ಲಗ್ಗೇ ಎಳೆದೆ.

ಅಮ್ಮ ಕಾಫಿ ಲೋಟ ಹಿಡ್ಕೊಂಡು ಬಾಗಿಲಲ್ಲೇ ನಿಂತಿದ್ಲು. ಅಪ್ಪ ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದ್ರು, ತಲೆಕೆಳಗಾಗಿ.

ಅತ್ತೆ ಮಾತ್ರ ಕುರ್ಚಿ ಮುಂದಕ್ಕೆಳ್ಕೊಂಡು ಡಬ್ಬಾನ ಸರಿಯಾಗಿ ನೋಡಿದ್ರು. "ಇದ್ರಲ್ಲಿ ರೆಕಾರ್ಡ್ ಮಾಡೋ ಬಟನ್ ಯಾವ್ದೋ?"

"ಇದು ಅತ್ತೆ... ಆದ್ರೆ ಮೂರ್ ನಿಮಿಷಾನೂ ಹಿಡ್ಸಲ್ಲ."

"ಅಯ್ಯೋ, ನಂಗೆಲ್ಲಿ ಸಾಕಾಗತ್ತೋ ಅದು" ಅಂದ್ರು, ಅಮ್ಮನ ಕಡೆ ನೋಡ್ತಾ.